ಬಾಗಿಲ ಮೇಲೆ ‘ನಾಳೆ ಬಾ’

ಹಳೆಯ ಮೈಸೂರು ಸೀಮೆಯ ಊರುಗಳಲ್ಲಿ ಒಂದು ಕಾಲಕ್ಕೆ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂಬ ಎರಡು ಮಾತುಗಳು ಕಾಣುತ್ತಿದ್ದುವು. ರಾತ್ರಿಯ ಹೊತ್ತು ಬಂದು, ಪರಿಚಿತರ ದನಿಯಲ್ಲಿ ಹೆಸರು ಹಿಡಿದು ಕೂಗುವ ಪೀಡೆಯೊಂದು ಆ ಬರೆಹವನ್ನೋದಿ ಹಿಂದಿರುಗುವುದೆಂದೂ, ಮರುದಿನ ಬಂದು ಅದನ್ನೇ ಓದಿ ಮತ್ತೆ ಹಿಂದಿರುಗುವುದೆಂದೂ ಜನರ ನಂಬಿಕೆ. ಉಪಾಯ ಸೊಗಸಾದುದು. ಬಂದವರನ್ನು ‘ಬರಬೇಡ’ ಎಂದು ಜರೆದಂತೆಯೂ ಆಗಲಿಲ್ಲ. ಬಾಗಿಲನ್ನು ತೆರೆದಂತೆಯೂ ಆಗಲಿಲ್ಲ.

ಪೀಡೆ ಪಿಶಾಚಿಗಳಿಗೆ ಸಲ್ಲುವ ಈ ಉಪಾಯವನ್ನು ಪ್ರಜೆಗಳ ಮೇಲೆ ಪ್ರಯೋಗಿಸಿದರೆ ಹೇಗೆ? ಗಂಡು ಗಂಡಿನೊಡನೆ, ಹೆಣ್ಣು ಹೆಣ್ಣಿನೊಡನೆ ಬಾಳ್ವೆ ನಡೆಸುತ್ತಿರುವ ಸಲಿಂಗ ಸಂಗಾತಿಗಳು ತಮ್ಮ ಸಂಬಂಧಕ್ಕೆ ಕಾನೂನಿನ ಮನ್ನಣೆಯನ್ನು ಕೇಳತೊಡಗಿ ವರ್ಷಗಳೇ ಸಂದಿವೆ. ‘ಸಲ್ಲದು’ ಎಂದು ಯಾವ ಸಂಸತ್ತೂ ನಿರ್ಧರಿಸಿಲ್ಲ. ‘ಸಲ್ಲುವುದು’ ಎಂದೂ ನಿರ್ಧರಿಸಿಲ್ಲ. ಅವರು ಯಾವ ಬಾಗಿಲಿಗೆ ಹೋದರೂ ಕಾಣುವುದು ಆ ಎರಡೇ ಮಾತು. ಈ ವಿಳಂಬದ ಸ್ವರೂಪವೇನು, ಅದರ ಭಾರ ಬೀಳುವುದು ಯಾರ ಮೇಲೆ, ನಮ್ಮ ನಾಡು ಇದರಲ್ಲಿ ಮಾಡಬಹುದಾದುದು ಏನಾದರೂ ಉಂಟೇ ಎಂಬುದನ್ನು ಇಲ್ಲಿ ಕೊಂಚ ವಿವೇಚಿಸೋಣ.

ಹಣೆಪಟ್ಟಿ ಕಳಚಿದ ಕಥೆ

ಮೊದಲು ಹಿಂದಿನ ಸಂಗತಿ. ಮೆಕಾಲೆಯ ನೇತೃತ್ವದಲ್ಲಿ ಕರಡುಗೊಂಡು 1860ರಲ್ಲಿ ಅಂಗೀಕೃತವಾದ ಭಾರತೀಯ ದಂಡಸಂಹಿತೆ 1862ರಲ್ಲಿ ಜಾರಿಗೆ ಬಂದಿತು. ಅದರ 377ನೆಯ ಕಲಮು ಇಂಥವರ ಸಂಬಂಧವನ್ನು ಅಪರಾಧವೆಂದು ಎಣಿಸಿತ್ತು. ಆಂಗ್ಲರು ಹೊರಟುಹೋದರು, ಕಲಮು ಉಳಿಯಿತು. 2009ರಲ್ಲಿ ದೆಹಲಿಯ ಹೈಕೋರ್ಟು, ವಯಸ್ಕರು ಪರಸ್ಪರ ಒಪ್ಪಿ ಖಾಸಗಿಯಾಗಿ ನಡೆಸುವ ಬಾಳಿಗೆ ಅದು ಅನ್ವಯಿಸದೆಂದು ಸಾರಿತು. ನಾಲ್ಕು ವರ್ಷ ಕಳೆದ ಬಳಿಕ, 2013ರ ಡಿಸೆಂಬರ್ 11ರಂದು, ಸುಪ್ರೀಂ ಕೋರ್ಟು ಆ ತೀರ್ಪನ್ನು ರದ್ದುಪಡಿಸಿ, ಕಲಮನ್ನು ತೆಗೆಯುವುದಾಗಲಿ ತಿದ್ದುವುದಾಗಲಿ ಸಂಸತ್ತಿಗೆ ಬಿಟ್ಟ ವಿಷಯವೆಂದಿತು.

ಸಂಸತ್ತು ಏನು ಮಾಡಿತು? 2015ರ ಡಿಸೆಂಬರಿನಲ್ಲಿ ಲೋಕಸಭಾ ಸದಸ್ಯರಾದ ಶಶಿ ತರೂರರು ಆ ಕಲಮನ್ನು ತಿದ್ದುವ ಖಾಸಗಿ ಮಸೂದೆಯೊಂದನ್ನು ತಂದರು. ಮಸೂದೆಯನ್ನು ಚರ್ಚಿಸಿ ತಿರಸ್ಕರಿಸಿದ್ದರೆ ಅದು ಬೇರೆಯ ಮಾತು. ಮಂಡಿಸುವುದಕ್ಕೇ ಅನುಮತಿ ದೊರೆಯಲಿಲ್ಲ. ಅನುಮತಿಗೆ ವಿರೋಧವಾಗಿ 71 ಮತಗಳೂ ಪರವಾಗಿ 24 ಮತಗಳೂ ಬಿದ್ದುವು. ಒಟ್ಟು 543 ಸ್ಥಾನಗಳ ಸಭೆಯಲ್ಲಿ ಈ ಪ್ರಶ್ನೆಗೆ ಮತ ಹಾಕಿದವರ ಸಂಖ್ಯೆ ನೂರನ್ನೂ ಮುಟ್ಟಲಿಲ್ಲವೆಂಬುದನ್ನು ಓದುಗರು ಗಮನಿಸಬೇಕು.

ಗಂಟು ಸಡಿಲಿಸಿದುದರಲ್ಲಿ ನಮ್ಮ ನಾಡಿನವರ ಕೈಯೂ ಇದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ, ತಮ್ಮ ಇಳಿವಯಸ್ಸಿನಲ್ಲಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ್ದರು. ಆ ವ್ಯಾಜ್ಯದಲ್ಲಿ ಒಂಬತ್ತು ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿತು. ವ್ಯಕ್ತಿಯ ಲೈಂಗಿಕ ಒಲವು ಅದರ ಅಂಗವೆಂದೂ ಹೇಳಿತು. ಮುಂದಿನ ವರ್ಷ, 2018ರ ಸೆಪ್ಟೆಂಬರ್ 6ರಂದು, ಐವರು ನ್ಯಾಯಾಧೀಶರು ಒಮ್ಮತದಿಂದ, ಒಪ್ಪಿಗೆಯುಳ್ಳ ವಯಸ್ಕರ ಮಟ್ಟಿಗೆ 377ನೆಯ ಕಲಮನ್ನು ಅಸಿಂಧುಗೊಳಿಸಿದರು. ಆ ವಿಚಾರಣೆಯಲ್ಲಿ ಕೇಂದ್ರ ಸರಕಾರ ತನ್ನ ನಿಲುವನ್ನು ಹೇಳದೆ, ಕಲಮಿನ ಸಿಂಧುತ್ವವನ್ನು ನ್ಯಾಯಾಲಯದ ವಿವೇಕಕ್ಕೆ ಬಿಟ್ಟಿತ್ತು.

ಅಪರಾಧವೆಂಬ ಹಣೆಪಟ್ಟಿ ಹೀಗೆ ಕಳಚಿತು. ಆದರೆ ಅಪರಾಧಿಯಲ್ಲವೆಂದು ಹೇಳಿಸಿಕೊಳ್ಳುವುದು ಬೇರೆ, ಸಂಸಾರಿಯೆಂದು ಹೇಳಿಸಿಕೊಳ್ಳುವುದು ಬೇರೆ.

ಇದು ಯಾರ ಕೆಲಸ?

ಎರಡನೆಯ ಪ್ರಶ್ನೆ 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟನ್ನು ಮುಟ್ಟಿತು. 1954ರ ವಿಶೇಷ ವಿವಾಹ ಶಾಸನವು ಜಾತಿ ಮತಗಳ ಹಂಗಿಲ್ಲದೆ ಅಧಿಕಾರಿಯ ಮುಂದೆ ನಡೆಯುವ ಮದುವೆಗೆ ಅವಕಾಶ ಕೊಡುತ್ತದೆ. ಆ ಅವಕಾಶವನ್ನು ತಮಗೂ ವಿಸ್ತರಿಸಬೇಕೆಂಬುದು ಅರ್ಜಿದಾರರಲ್ಲಿ ಹಲವರ ಬೇಡಿಕೆ. ಅವರ ಸಾಲಿನಲ್ಲಿ ಬೆಂಗಳೂರಿನ ಅಕ್ಕೈ ಪದ್ಮಶಾಲಿಯವರೂ ಇದ್ದರು; ಲಿಂಗ ಪರಿವರ್ತಿತರ ಹಕ್ಕುಗಳಿಗಾಗಿ ದುಡಿಯುತ್ತಿರುವ ಅವರು 377ನೆಯ ಕಲಮನ್ನು ಪ್ರಶ್ನಿಸಿ 2016ರಲ್ಲಿಯೇ ಅರ್ಜಿ ಹಾಕಿದ್ದವರು.

2023ರ ಏಪ್ರಿಲ್ 18ರಿಂದ ಮೇ 11ರವರೆಗೆ ಹತ್ತು ದಿನ ವಾದ ನಡೆಯಿತು. ಇದು ಸಂಸತ್ತಿನ ಕೆಲಸವೆಂದು ಈ ಬಾರಿ ಸರಕಾರವೇ ವಾದಿಸಿತು. ರಾಜ್ಯಗಳ ಅಭಿಪ್ರಾಯವನ್ನೂ ಕೇಂದ್ರ ಕೇಳಿತು. ಮೇ 10ರಂದು ಸಾಲಿಸಿಟರ್ ಜನರಲ್ ಅವರು ಏಳು ರಾಜ್ಯಗಳಿಂದ ಉತ್ತರ ಬಂದಿದೆಯೆಂದು ತಿಳಿಸಿದರು: ಮೂರು ರಾಜ್ಯಗಳು ವಿರೋಧಿಸಿದ್ದುವು, ನಾಲ್ಕು ರಾಜ್ಯಗಳು ಕಾಲಾವಕಾಶ ಬೇಕೆಂದಿದ್ದುವು. ಆ ಏಳರಲ್ಲಿ ಕರ್ನಾಟಕದ ಹೆಸರಿರಲಿಲ್ಲ. ಅದೇ ದಿನ ನಮ್ಮಲ್ಲಿ ವಿಧಾನಸಭೆಯ ಚುನಾವಣೆಗೆ ಮತದಾನ ನಡೆಯುತ್ತಿತ್ತು.

2023ರ ಅಕ್ಟೋಬರ್ 17ರಂದು ತೀರ್ಪು ಹೊರಬಿದ್ದಿತು. ಮದುವೆಯಾಗುವುದು ಸಂವಿಧಾನದತ್ತವಾದ ಮೂಲಭೂತ ಹಕ್ಕಲ್ಲವೆಂಬುದರಲ್ಲಿಯೂ, 1954ರ ಶಾಸನವನ್ನು ನ್ಯಾಯಾಲಯ ತಿದ್ದಿ ಓದಲಾಗದೆಂಬುದರಲ್ಲಿಯೂ ಐವರು ನ್ಯಾಯಾಧೀಶರಿಗೂ ಒಮ್ಮತವಿತ್ತು. ಮದುವೆಯಲ್ಲದಿದ್ದರೂ ಸಂಗಾತಿತನವೆಂದು ದಾಖಲೆಗೊಳ್ಳುವ ಹಕ್ಕಾದರೂ ಉಂಟೆಂದು ಮುಖ್ಯ ನ್ಯಾಯಮೂರ್ತಿ ಚಂದ್ರಚೂಡರೂ ನ್ಯಾಯಮೂರ್ತಿ ಕೌಲರೂ ಹೇಳಿದರು. ಮೈಸೂರಿನಲ್ಲಿ ಜನಿಸಿದ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ಟರೂ ಉಳಿದಿಬ್ಬರೂ ಅದನ್ನು ಒಪ್ಪದೆ ಬಹುಮತವಾದರು. ಆದರೆ ಈ ಬಹುಮತವೂ ಸಂಗಾತಿಗಳ ಕಷ್ಟವನ್ನು ಅಲ್ಲಗಳೆಯಲಿಲ್ಲ. ಅದನ್ನು ಪರಿಶೀಲಿಸಲು ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯಲ್ಲಿ ಉನ್ನತ ಸಮಿತಿಯೊಂದನ್ನು ರಚಿಸುವುದಾಗಿ ಸರಕಾರ ಕೊಟ್ಟಿದ್ದ ಮಾತನ್ನು ದಾಖಲಿಸಿ, ಹಾಗೆಯೇ ನಡೆಯತಕ್ಕದ್ದೆಂದಿತು. ಮರುಪರಿಶೀಲನೆಯ ಅರ್ಜಿಗಳು 2025ರ ಜನವರಿ 9ರಂದು ವಜಾಗೊಂಡುವು.

ಒಟ್ಟು ನೋಟ ಹೀಗಿದೆ. 2013ರಲ್ಲಿ ನ್ಯಾಯಾಲಯ ಸಂಸತ್ತಿನ ಕಡೆ ಕೈ ತೋರಿತು. 2015ರಲ್ಲಿ ಸಂಸತ್ತು ಮುಖ ತಿರುಗಿಸಿತು. 2018ರಲ್ಲಿ ಸರಕಾರ ನ್ಯಾಯಾಲಯದ ಕಡೆ ಕೈ ತೋರಿತು. 2023ರಲ್ಲಿ ಸರಕಾರವೂ ನ್ಯಾಯಾಲಯವೂ ಕೂಡಿ ಸಂಸತ್ತಿನ ಕಡೆ ತೋರಿದುವು. ಸುಪ್ರಿಯಾ ಸುಳೆಯವರು 2022ರ ಏಪ್ರಿಲಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ವಿಶೇಷ ವಿವಾಹ ತಿದ್ದುಪಡಿ ಮಸೂದೆ, ಖಾಸಗಿ ಸದಸ್ಯರ ಇತರ ಮಸೂದೆಗಳಂತೆಯೇ, ಶಾಸನವಾಗಲಿಲ್ಲ.

ತೀರ್ಪು ಬಂದ ಆರು ತಿಂಗಳಿಗೆ, 2024ರ ಏಪ್ರಿಲಿನಲ್ಲಿ, ಸಮಿತಿ ನೇಮಕವಾಯಿತು. ಆ ವರ್ಷದ ಸೆಪ್ಟೆಂಬರಿನ ಹೊತ್ತಿಗೆ ಮೂರು ಸಣ್ಣ ಅನುಕೂಲಗಳು ಪ್ರಕಟವಾದುವು. ಪಡಿತರ ಚೀಟಿಯ ಮಟ್ಟಿಗೆ ಸಂಗಾತಿಗಳನ್ನು ಒಂದೇ ಮನೆಯವರೆಂದು ಎಣಿಸಬೇಕು. ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲೂ ಸಂಗಾತಿಯನ್ನು ನಾಮಿನಿಯಾಗಿ ಹೆಸರಿಸಲೂ ಅಡ್ಡಿಯಿಲ್ಲ. ಹತ್ತಿರದ ಬಂಧುಗಳು ಇಲ್ಲದಿದ್ದಲ್ಲಿ ಮೃತರ ದೇಹವನ್ನು ಸಂಗಾತಿ ಪಡೆಯಬಹುದು. ಅಕ್ಕಿ, ಹಣ, ಹೆಣ, ಈ ಮೂರರ ಮಟ್ಟಿಗೆ ಸರಕಾರದ ಕಡತದಲ್ಲಿ ಅವರಿಗೆ ಸ್ಥಾನ ದೊರೆಯಿತು. ಇದು ಅಲ್ಪವೆಂದು ಹಳಿಯಬೇಕಾಗಿಲ್ಲ. ಆದರೆ ಇವು ಸೂಚನೆಗಳು, ಶಾಸನವಲ್ಲ. ಇವುಗಳ ಆಧಾರದ ಮೇಲೆ ಯಾರೂ ಯಾರಿಗೂ ವಾರಸುದಾರರಾಗುವುದಿಲ್ಲ.

ಹೋಳೂರಿನ ನಾಡಕಚೇರಿಯಲ್ಲಿ

ದೆಹಲಿಯ ಈ ವ್ಯವಹಾರವೆಲ್ಲ ನಮ್ಮ ಊರುಗಳಲ್ಲಿ ಯಾವ ರೂಪ ತಾಳುವುದೆಂಬುದನ್ನು ತಿಳಿಯಲು ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಇದು ಕೇವಲ ಊಹೆ. ಇಂಥವರೇ ಎಂದು ಯಾರನ್ನೂ ಹುಡುಕಬೇಕಾಗಿಲ್ಲ.

ಕೋಲಾರದ ಬಡಾವಣೆಯೊಂದರಲ್ಲಿ ಇಬ್ಬರು ಹೆಂಗಸರು ಇಪ್ಪತ್ತು ವರ್ಷಗಳಿಂದ ಒಂದೇ ಮನೆಯಲ್ಲಿದ್ದಾರೆ. ಒಬ್ಬರು ಸರಕಾರಿ ಪ್ರೌಢಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತರಾದವರು, ಇನ್ನೊಬ್ಬರು ದಾದಿ. ಇಬ್ಬರ ದುಡಿಮೆಯಿಂದ ಎದ್ದ ಮನೆ, ಆದರೆ ಖಾತೆ ಉಪಾಧ್ಯಾಯಿನಿಯ ಹೆಸರಿನಲ್ಲಿ. ಹೋಳೂರಿನ ಹತ್ತಿರ ಅವರಿಗೆ ತಂದೆಯಿಂದ ಬಂದ ಒಂದೂವರೆ ಎಕರೆ ಹಿಪ್ಪುನೇರಳೆ ತೋಟವೂ ಇದೆ. ಬೀದಿಯವರು ಅವರನ್ನು ‘ಟೀಚರಮ್ಮ, ಅವರ ಸ್ನೇಹಿತೆ’ ಎಂದು ಕರೆಯುತ್ತಾರೆ. ಹಬ್ಬಕ್ಕೆ ಹೋಳಿಗೆ ಕಳುಹಿಸುತ್ತಾರೆ. ಎಲ್ಲ ಸರಿಯಾಗಿಯೇ ಇದೆ, ಟೀಚರಮ್ಮನವರು ಒಂದು ದಿನ ಪ್ರಜ್ಞೆತಪ್ಪಿ ಬೀಳುವ ತನಕ.

ರೋಗಿಗೆ ಪ್ರಜ್ಞೆಯಿಲ್ಲದಿದ್ದರೆ ಆಸ್ಪತ್ರೆಯವರು ಕೇಳುವುದು ಹತ್ತಿರದ ಬಂಧುಗಳ ರುಜುವನ್ನು. ನಮೂನೆಯಲ್ಲಿ ‘ರೋಗಿಗೆ ಸಂಬಂಧ’ ಎಂಬ ಜಾಗವಿರುತ್ತದೆ. ಅಲ್ಲಿ ‘ಸ್ನೇಹಿತೆ’ ಎಂದು ಬರೆದರೆ ಗುಮಾಸ್ತರು ಲೇಖನಿಯನ್ನು ಕೆಳಗಿಟ್ಟು, ಅಣ್ಣತಮ್ಮಂದಿರ ದೂರವಾಣಿಯ ಸಂಖ್ಯೆ ಕೇಳುತ್ತಾರೆ. ಹತ್ತು ವರ್ಷ ಮುಖ ನೋಡದ ತಮ್ಮ ಶ್ರೀನಿವಾಸಪುರದಿಂದ ಬಂದು ರುಜು ಮಾಡಬಹುದು; ಇಪ್ಪತ್ತು ವರ್ಷ ಗಂಜಿ ಕಾಯಿಸಿಕೊಟ್ಟವರು ಪಡಸಾಲೆಯಲ್ಲಿ ನಿಂತಿರಬೇಕು.

ಟೀಚರಮ್ಮನವರು ಉಯಿಲು ಬರೆಯದೆಯೇ ತೀರಿಕೊಂಡರೆನ್ನೋಣ. ನಾಡಕಚೇರಿಯಿಂದ ಬರುವ ವಂಶವೃಕ್ಷದಲ್ಲಿ ತಂದೆತಾಯಿ, ಒಡಹುಟ್ಟಿದವರು, ಅವರ ಮಕ್ಕಳು ಇರುತ್ತಾರೆ. ಆ ವೃಕ್ಷದ ಯಾವ ಕೊಂಬೆಯ ಮೇಲೂ ಸಂಗಾತಿಗೆ ಕುಳಿತುಕೊಳ್ಳಲು ಎಡೆಯಿಲ್ಲ. 1956ರ ಹಿಂದೂ ಉತ್ತರಾಧಿಕಾರ ಶಾಸನದಂತೆ ಗಂಡ ಮಕ್ಕಳಿಲ್ಲದ ಹೆಣ್ಣಿನ ಆಸ್ತಿ ತಂದೆತಾಯಿಗಳಿಗೆ, ಅವರಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಸಲ್ಲುತ್ತದೆ. ತೋಟದ ಪೌತಿ ಖಾತೆ ತಮ್ಮಂದಿರ ಹೆಸರಿಗಾಗುತ್ತದೆ. ಮನೆಯೂ ಅದೇ ದಾರಿ ಹಿಡಿಯುತ್ತದೆ. ಕುಟುಂಬ ನಿವೃತ್ತಿವೇತನವಂತೂ ಉಯಿಲಿನಲ್ಲಿ ಬರೆದಿಟ್ಟರೂ ಸಂಗಾತಿಗೆ ಸಿಕ್ಕುವುದಲ್ಲ. ನಿಯಮಗಳು ಯಾರನ್ನು ಕುಟುಂಬವೆನ್ನುತ್ತವೆಯೋ ಅವರಿಗೆ ಮಾತ್ರ ಅದು. ಬ್ಯಾಂಕಿನ ನಾಮಿನಿಯೆಂದು ಹೆಸರಿದ್ದರೂ, ನಾಮಿನಿಯು ಹಣವನ್ನು ಪಡೆದು ವಾರಸುದಾರರಿಗೆ ಒಪ್ಪಿಸಬೇಕಾದ ವ್ಯಕ್ತಿ, ಒಡೆಯನಲ್ಲ, ಎಂಬುದು ನ್ಯಾಯಾಲಯಗಳ ನಿಲುವು.

‘ದಂಪತಿ’ ಎಂಬ ಶಬ್ದವನ್ನು ನಾವು ಗಂಡಹೆಂಡಿರೆಂಬ ಅರ್ಥದಲ್ಲಿ ಬಳಸುತ್ತೇವೆ. ಅದರಲ್ಲಿಯ ‘ದಂ’ ಎಂಬುದು ಮನೆಯನ್ನು ಹೇಳುವ ವೇದಕಾಲದ ಹಳೆಯ ಮಾತು. ದಂಪತಿಗಳೆಂದರೆ ಮನೆಯ ಒಡೆಯರು. ನಮ್ಮ ಕಲ್ಪನೆಯ ದಾದಿ ಇಪ್ಪತ್ತು ವರ್ಷ ಮನೆಯೊಡತಿಯಾಗಿದ್ದು, ಹದಿಮೂರನೆಯ ದಿನಕ್ಕೆ ಆ ಮನೆಯ ಬೀಗದ ಕೈಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ. ಸಮಿತಿಯ ವರದಿ ಮುಂದೆ ಎಷ್ಟೇ ಉದಾರವಾಗಿ ಬಂದರೂ ಆಕೆಗೆ ಆ ಮನೆ ಮರಳಿ ಬಾರದು.

ವಿರೋಧಿಸುವವರ ಮಾತು

ವಿರೋಧಿಸುವವರ ಮಾತನ್ನೂ ಕೇಳುವುದು ನ್ಯಾಯ. ಮದುವೆಯೆಂಬುದು ಸಂಸ್ಕಾರ, ಸಂತಾನಕ್ಕಾಗಿ ಏರ್ಪಟ್ಟದ್ದು, ಅದನ್ನು ಶಾಸನ ಮುಟ್ಟಬಾರದು ಎಂಬುದು ಒಂದು ವಾದ. ಧಾರ್ಮಿಕ ಮನಸ್ಸಿನವರ ಈ ಅಳುಕನ್ನು ಹಗುರವಾಗಿ ಕಾಣಬಾರದು. ಆದರೆ ಇಲ್ಲಿ ಪುರೋಹಿತರನ್ನಾಗಲಿ ಪಾದ್ರಿಗಳನ್ನಾಗಲಿ ಬಲವಂತಪಡಿಸುವ ಪ್ರಶ್ನೆಯೇ ಇಲ್ಲ. ಕೇಳುತ್ತಿರುವುದು ಹೋಮಕುಂಡವನ್ನಲ್ಲ, ನೋಂದಣಿಯ ಪುಸ್ತಕವನ್ನು. ಮಕ್ಕಳಿಲ್ಲದ ಗಂಡಹೆಂಡಿರ ಮದುವೆಯನ್ನು ಯಾವ ಶಾಸನವೂ ಅಸಿಂಧುವೆನ್ನುವುದಿಲ್ಲವೆಂಬುದನ್ನೂ ನೆನೆಯಬೇಕು. ಗಂಡ, ಹೆಂಡತಿ ಎಂಬ ಪದಗಳು ಹತ್ತಾರು ಶಾಸನಗಳಲ್ಲಿ ಹೆಣೆದುಕೊಂಡಿವೆ, ಒಂದನ್ನೆಳೆದರೆ ಎಲ್ಲವೂ ಬಿಚ್ಚಿಕೊಳ್ಳುತ್ತವೆ ಎಂಬುದು ಇನ್ನೊಂದು ವಾದ. ಇದರಲ್ಲಿ ಹುರುಳಿದೆ. ಆದರೆ ಕೆಲಸ ಕಠಿನವೆಂಬುದು ಬೇಗ ಆರಂಭಿಸಲು ಕಾರಣವಾಗಬೇಕೇ ಹೊರತು, ಆರಂಭಿಸದಿರಲು ಅಲ್ಲ.

ಸಮಾಜ ಮೊದಲು ಸಿದ್ಧವಾಗಲಿ ಎಂಬುದು ಮೂರನೆಯ ವಾದ. ಇದಕ್ಕೆ ಉತ್ತರವಾಗಿ ಹೊರನಾಡುಗಳ ಅನುಭವವನ್ನು ನೋಡಬಹುದು. ತೈವಾನಿನ ಸಂವಿಧಾನ ನ್ಯಾಯಾಲಯವು 2017ರ ಮೇ 24ರಂದು ತನ್ನ ತೀರ್ಪಿನಲ್ಲಿ ಸರಕಾರಕ್ಕೆ ಎರಡು ವರ್ಷಗಳ ಗಡುವು ಕೊಟ್ಟಿತು. ವಿರೋಧ ಅಲ್ಲಿಯೂ ಪ್ರಬಲವಾಗಿತ್ತು. ಆದರೂ ಸರಿಯಾಗಿ 2019ರ ಮೇ 24ರಂದು ಶಾಸನ ಜಾರಿಗೆ ಬಂದಿತು. ನೆರೆಯ ನೇಪಾಳದಲ್ಲಿ ಸುಪ್ರೀಂ ಕೋರ್ಟು 2007ರಲ್ಲಿ ಸಮಿತಿಯೊಂದು ಅಧ್ಯಯನ ನಡೆಸಲೆಂದಿತು, ಗಡುವು ಇರಲಿಲ್ಲ. ಇಂಥ ಮೊದಲ ವಿವಾಹ ಅಲ್ಲಿ ದಾಖಲಾದುದು 2023ರ ನವೆಂಬರಿನಲ್ಲಿ, ಹದಿನಾರು ವರ್ಷಗಳ ಮೇಲೆ. ಗಡುವೊಂದರಿಂದಲೇ ಎಲ್ಲವೂ ಆಗುವುದೆನ್ನುವಂತೆಯೂ ಇಲ್ಲ. ಹಾಂಗ್‌ಕಾಂಗಿನ ಉನ್ನತ ನ್ಯಾಯಾಲಯ 2023ರಲ್ಲಿ ಎರಡು ವರ್ಷದ ಅವಧಿ ಕೊಟ್ಟಿದ್ದರೂ, ಸರಕಾರ ತಂದ ಮಸೂದೆಯನ್ನು ಶಾಸನಸಭೆ 2025ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಆದರೆ ಅಲ್ಲಿಯ ಪ್ರಜೆಗಳಿಗೆ ತಮ್ಮನ್ನು ಒಪ್ಪದವರು ಯಾರೆಂಬುದಾದರೂ ತಿಳಿಯಿತು. ನಮ್ಮಲ್ಲಿ ಅದೂ ತಿಳಿಯದು.

ಇಷ್ಟು ದೂರ ಹೋಗುವುದೇಕೆ? ಮಾಲೂರಿನಿಂದ ಗಡಿ ದಾಟಿದರೆ ತಮಿಳುನಾಡು. ಅಲ್ಲಿ 2023ರ ನವೆಂಬರಿನಲ್ಲಿ ಮದರಾಸು ಹೈಕೋರ್ಟಿನ ನ್ಯಾಯಮೂರ್ತಿ ಆನಂದ ವೆಂಕಟೇಶರು, ಸಂಗಾತಿಗಳು ತಮ್ಮೊಳಗೆ ಬರೆದುಕೊಳ್ಳುವ ಕುಟುಂಬ ಸಹವಾಸದ ಕರಾರುಪತ್ರಕ್ಕೆ ರಾಜ್ಯ ಸರಕಾರ ಮನ್ನಣೆ ಕೊಡುವುದನ್ನು ಆಲೋಚಿಸಲೆಂದು ಸಲಹೆಯಿತ್ತರು. 2025ರ ಮೇ ತಿಂಗಳಲ್ಲಿ ಅದೇ ಹೈಕೋರ್ಟಿನ ಪೀಠವೊಂದು, ಕುಟುಂಬವನ್ನು ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲವೆಂದು ಹೇಳಿತು.

ಕನ್ನಡ ನಾಡು ಕಾಯುತ್ತ ಕುಳಿತಿರಲಿಲ್ಲ

ಇಂಥ ವಿಷಯದಲ್ಲಿ ದೆಹಲಿಯ ದಾರಿ ಕಾಯುವುದು ನಮ್ಮ ನಾಡಿನ ಸಂಪ್ರದಾಯವೇನೂ ಅಲ್ಲ. ಮದುವೆ, ದತ್ತು, ಉಯಿಲು, ಉತ್ತರಾಧಿಕಾರ ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಗೆ ಸೇರಿದ ವಿಷಯಗಳು; ಕೇಂದ್ರದಂತೆ ರಾಜ್ಯವೂ ಶಾಸನ ಮಾಡಬಹುದು. ಕೇಂದ್ರದ ಶಾಸನಕ್ಕೆ ವ್ಯತ್ಯಾಸವಾದಲ್ಲಿ ರಾಷ್ಟ್ರಪತಿಗಳ ಅಂಕಿತ ಬೇಕು, ಅಷ್ಟೆ.

ಸಂವಿಧಾನಕ್ಕೂ ಹಿಂದೆ, ಕೋಲಾರವು ಮೈಸೂರು ಸಂಸ್ಥಾನದ ಜಿಲ್ಲೆಯಾಗಿದ್ದ ಕಾಲಕ್ಕೆ, 1894ರಲ್ಲಿಯೇ ಸಂಸ್ಥಾನವು ಎಂಟು ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸಿತು. ಸಂಪ್ರದಾಯಸ್ಥರ ವಿರೋಧ ಆಗಲೂ ಇತ್ತು. ಎಂಟು ಎಂಬುದು ಇಂದಿನ ಕಣ್ಣಿಗೆ ತೀರ ಕಡಮೆ; ಆದರೆ ಬ್ರಿಟಿಷ್ ಇಂಡಿಯಾದಲ್ಲಿ ಶಾರದಾ ಶಾಸನವೆಂದು ಹೆಸರಾದ ಬಾಲ್ಯವಿವಾಹ ನಿರೋಧ ಶಾಸನ ಬಂದುದು 1929ರಲ್ಲಿ. ವಿಧವೆಯರಿಗೂ ಅವಿವಾಹಿತ ಹೆಣ್ಣುಮಕ್ಕಳಿಗೂ ಪಾಲಿನ ಕಾಲದಲ್ಲಿ ಭಾಗ ದೊರೆಯುವ ಶಾಸನವನ್ನು ಮೈಸೂರು 1933ರಲ್ಲಿ ಮಾಡಿತು. ಬ್ರಿಟಿಷ್ ಇಂಡಿಯಾ ವಿಧವೆಯರ ಮಟ್ಟಿಗೆ ಅಂಥದನ್ನು ಮಾಡಿದುದು 1937ರಲ್ಲಿ.

ಇಡೀ ದೇಶಕ್ಕೆ ಒಂದು ಹಿಂದೂ ಸಂಹಿತೆಯನ್ನು ರೂಪಿಸುವ ಸಮಿತಿಗೆ 1941ರಲ್ಲಿ ಅಧ್ಯಕ್ಷರಾದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು. ಆ ಮಸೂದೆ ಎಳೆದಾಟದಲ್ಲಿ ಸಿಕ್ಕಿ, ಡಾಕ್ಟರ್ ಅಂಬೇಡ್ಕರರು 1951ರಲ್ಲಿ ಮಂತ್ರಿಪದವಿಯನ್ನೇ ಬಿಡಲು ಕಾರಣಗಳಲ್ಲೊಂದಾಯಿತು. ಕೊನೆಗೆ 1955 ಮತ್ತು 1956ರಲ್ಲಿ ತುಂಡುತುಂಡಾಗಿ ಶಾಸನವಾಯಿತು. ವಿಳಂಬದ ಬೆಲೆ ಏನೆಂಬುದು ಇಲ್ಲಿ ಎದ್ದು ಕಾಣುತ್ತದೆ: ಉತ್ತರಾಧಿಕಾರದ ಹಕ್ಕು ಹುಟ್ಟುವುದು ಸಾವಿನ ದಿನ. 1950ರಲ್ಲಿ ತಂದೆಯನ್ನು ಕಳೆದುಕೊಂಡ ಮಗಳಿಗೆ 1956ರ ಶಾಸನ ಏನನ್ನೂ ಕೊಡಲಿಲ್ಲ. ಶಾಸನ ಹಿಂದಕ್ಕೆ ಹರಿಯುವ ಹೊಳೆಯಲ್ಲ.

ಇನ್ನೂ ಹತ್ತಿರದ ನಿದರ್ಶನ ಬೇಕಾದರೆ, ಪಾಲಿನ ವ್ಯಾಜ್ಯ ನೋಡಿದ ಮನೆಗಳಿಗೆಲ್ಲ 1994ರ ಜುಲೈ 30 ಎಂಬ ತಾರೀಖು ನೆನಪಿರುತ್ತದೆ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆಯೇ ಹುಟ್ಟಿನಿಂದ ಹಕ್ಕು ಕೊಡುವ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದುದು ಅಂದು, ಕೇಂದ್ರದ ತಿದ್ದುಪಡಿಗಿಂತ ಹನ್ನೊಂದು ವರ್ಷ ಮೊದಲು. ಹೆಮ್ಮೆಪಡತಕ್ಕ ಸಂಗತಿಯೇ. ಆದರೆ ಆ ಶಾಸನದ ಹೆಸರಿನಲ್ಲಿರುವ ಇಸವಿ 1990. ರಾಷ್ಟ್ರಪತಿಗಳ ಅಂಕಿತ ಬೀಳುವಷ್ಟರಲ್ಲಿ ನಾಲ್ಕು ವರ್ಷ ಕಳೆದಿದ್ದುವು. ಜಾರಿಯಾಗುವ ಮುನ್ನ ಮದುವೆಯಾದವರಿಗೆ ಈ ಹಕ್ಕಿಲ್ಲವೆಂಬ ಷರತ್ತೂ ಅದರಲ್ಲಿತ್ತು. ಆ ನಾಲ್ಕು ವರ್ಷಗಳಲ್ಲಿ ಹಸೆಮಣೆಯೇರಿದ ಹೆಣ್ಣುಮಕ್ಕಳು ಕಡತದ ನಿಧಾನಕ್ಕಾಗಿ ತಮ್ಮ ಪಾಲನ್ನು ತೆತ್ತರು. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂದಾಗ ಅವರಿಗೂ ಹಕ್ಕು ದೊರೆಯಿತು. ಅಷ್ಟರಲ್ಲಿ ಪಾಲು ಮುಗಿದಿದ್ದ ಮನೆಗಳಲ್ಲಿ ದೊರೆತುದು ಬರಿಯ ಹೆಸರಿಗೆ.

ವಿಳಂಬವೆಂದರೆ ನಿರ್ಣಯವಿಲ್ಲದಿರುವುದು ಎಂದು ನಾವು ಭಾವಿಸುತ್ತೇವೆ. ಹಾಗಲ್ಲ, ಅದೂ ಒಂದು ನಿರ್ಣಯವೇ. ಪ್ರತಿ ವರ್ಷವೂ ಯಾರಿಗೆ ಏನು ಸಲ್ಲದೆಂಬುದನ್ನು ಅದು ಮೌನವಾಗಿ ತೀರ್ಮಾನಿಸುತ್ತಿರುತ್ತದೆ.

ಸದ್ಯಕ್ಕೆ ಮಾಡಬಹುದಾದುದು

ಮದುವೆಯ ಮಾತು ಹಾಗಿರಲಿ. ಸಂಗಾತಿತನವನ್ನು ದಾಖಲಿಸುವ ಒಂದು ಪುಸ್ತಕವನ್ನು ನಮ್ಮ ರಾಜ್ಯ ತೆರೆಯಬಹುದು. ತನ್ನ ನೌಕರರ ಸೇವಾ ನಿಯಮಗಳಲ್ಲಿ ‘ಕುಟುಂಬ’ದ ಅರ್ಥವನ್ನು ಹಿಗ್ಗಿಸಬಹುದು. ತನ್ನ ಆಸ್ಪತ್ರೆಗಳ ನಮೂನೆಗಳಲ್ಲಿ, ರೋಗಿಯು ಮುಂಚಿತವಾಗಿ ಹೆಸರಿಸಿದ ಸಂಗಾತಿಯ ರುಜುವನ್ನು ಒಪ್ಪಬಹುದು. ಸರಕಾರಿ ಉದ್ಯೋಗಗಳಲ್ಲಿ ಲಿಂಗ ಪರಿವರ್ತಿತರಿಗೆ ನೂರಕ್ಕೆ ಒಂದರಷ್ಟು ಮೀಸಲಾತಿಯನ್ನು 2021ರಲ್ಲಿ ಏರ್ಪಡಿಸಿದ ರಾಜ್ಯಕ್ಕೆ ಇವು ಅಸಾಧ್ಯವಾದ ಕೆಲಸಗಳಲ್ಲ.

ಅಲ್ಲಿಯವರೆಗೆ ಇಂಥ ಮನೆಗಳವರು ತಮ್ಮ ಕೈಯಲ್ಲಿರುವುದನ್ನು ಮಾಡಿಕೊಳ್ಳಬೇಕು. ಉಯಿಲಿಗೆ ಛಾಪಾ ಕಾಗದ ಬೇಡ. ಇಬ್ಬರು ಸಾಕ್ಷಿಗಳ ರುಜು ಸಾಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಮಾಡಿಸುವುದು ಕ್ಷೇಮ. ಮನೆ ಕೊಳ್ಳುವುದಾದರೆ ಪತ್ರ ಇಬ್ಬರ ಹೆಸರಿನಲ್ಲಿರಲಿ. ಅಧಿಕಾರಪತ್ರವನ್ನೇ ನಂಬಿ ಕೂರಬಾರದು. ಬರೆದುಕೊಟ್ಟವರು ತೀರಿಕೊಂಡೊಡನೆ ಅದು ಬಿದ್ದುಹೋಗುತ್ತದೆ. 2017ರ ಮಾನಸಿಕ ಆರೋಗ್ಯ ಶಾಸನದಲ್ಲಿ, ಮನೋರೋಗದ ಚಿಕಿತ್ಸೆಯ ಮಟ್ಟಿಗೆ, ತನ್ನ ಪರವಾಗಿ ಮಾತಾಡುವವರನ್ನು ನೇಮಿಸಿಕೊಳ್ಳುವ ಅವಕಾಶ ಪ್ರತಿಯೊಬ್ಬ ವಯಸ್ಕನಿಗೂ ಇದೆ. ನೇಮಕಗೊಂಡವರು ಬಂಧುವೇ ಆಗಿರಬೇಕೆಂದಿಲ್ಲ. ಬೇರೆ ರೋಗಗಳಿಗೂ ಅಂಥ ನಿಯಮ ಬಂದರೆ ಯಾರ ಸಂಸ್ಕೃತಿಗೂ ಕುಂದು ಬಾರದು.

ಇನ್ನುಳಿದುದು ನಮ್ಮಂಥ ಸಂಸಾರಗಳ ಕೆಲಸ. ಕಾನೂನಿನಲ್ಲಿ ವಾರಸುದಾರರೆನಿಸಿಕೊಂಡ ತಮ್ಮನೋ ಅಣ್ಣನ ಮಗನೋ ಬೀಗದ ಕೈ ಕೇಳಲು ಹೋಗುವ ಮೊದಲು, ಆ ಮನೆಯಲ್ಲಿ ಇಪ್ಪತ್ತು ವರ್ಷ ದೀಪ ಹಚ್ಚಿದವರು ಯಾರೆಂದು ಒಮ್ಮೆ ಕೇಳಿಕೊಳ್ಳಬಹುದು. ಹಕ್ಕು ಬಿಡುಗಡೆಯ ಪತ್ರಕ್ಕೆ ಯಾವ ಸಮಿತಿಯ ವರದಿಯೂ ಬೇಕಾಗಿಲ್ಲ. ತಾಲೂಕಿನ ಉಪನೋಂದಣಿ ಕಚೇರಿಯಲ್ಲಿ ಅದನ್ನು ಇಂದೇ ಬರೆದುಕೊಡಬಹುದು.